ಟಿಕೆಟ್ ಕಿಂಡಿಯ ನವಲೂರ ಕಾಕಾ

ನವಲೂರ ಕಾಕಾ ಯಾರನ್ನೂ ಎರಡು ಕಣ್ಣಿನಿಂದ ಒಟ್ಟಿಗೆ ನೋಡುತ್ತಿರಲಿಲ್ಲ. ಸ್ಟೇಷನ್ನಿನ ಬಾಗಿಲು ತಳ್ಳಿಕೊಂಡು ನೀವು ಒಳಗೆ ಬಂದರೆ, ಟಿಕೆಟ್ ಕಿಂಡಿಯ ಗಾಜಿನ ಹಿಂದೆ ಅವರ ಎಡಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಬಲಗಣ್ಣು ಮೊದಲು ನಿಮ್ಮ ಬೂಟನ್ನು, ಆಮೇಲೆ ಕೈಚೀಲವನ್ನು, ಎಲ್ಲಕ್ಕಿಂತ ಕಡೆಗೆ ಮುಖವನ್ನು ನೋಡುತ್ತಿತ್ತು. ಬಾಗಿಲಿನಿಂದ ಕಿಂಡಿಗೆ ಹತ್ತೇ ಹೆಜ್ಜೆ. ಅಷ್ಟರಲ್ಲಿ ನೀವು ಎಂಥವರೆಂದು ಅವರು ಒಂದು ತೀರ್ಮಾನಕ್ಕೆ ಬಂದಿರುತ್ತಿದ್ದರು. ಆ ತೀರ್ಮಾನ ಸಾಮಾನ್ಯವಾಗಿ ನಿಮ್ಮ ಪರವಾಗಿ ಇರುತ್ತಿರಲಿಲ್ಲ.

ಟೊರಾಂಟೋದ ಉತ್ತರಕ್ಕೆ, ರಿಚ್ಮಂಡ್ ಹಿಲ್ ಕಡೆಯ ಒಂದು ಸಣ್ಣ ಸ್ಟೇಷನ್ನು ಅದು. ಬೆಳಿಗ್ಗೆ ಕೆಲವೇ ರೈಲು ಪೇಟೆಗೆ ಹೋಗುತ್ತಿದ್ದವು, ಸಂಜೆ ಅವೇ ಮರಳುತ್ತಿದ್ದವು. ನಡುವೆ ಇಡೀ ದಿನ ಹಳಿಗಳು ಖಾಲಿ. ಸ್ಟೇಷನ್ನಿಗಿಂತ ಅದರ ಕಾರು ನಿಲ್ಲಿಸುವ ಬಯಲೇ ಹತ್ತು ಪಟ್ಟು ದೊಡ್ಡದಿತ್ತು. ಏಳು ಗಂಟೆಯೊಳಗೆ ಅದು ತುಂಬಿಬಿಡುತ್ತಿತ್ತು. ಕಾಕಾ ಅವರ ಪಾಳಿ ಬೆಳಗಿನ ಐದೂವರೆಯಿಂದ ಮಧ್ಯಾಹ್ನದವರೆಗೆ.

ತೊಂಬತ್ತಾರರ ಬೇಸಿಗೆಯಲ್ಲಿ ನಾನು ಮೈಸೂರಿನಿಂದ ಬಂದು, ಪೇಟೆಯ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಗುತ್ತಿಗೆಯ ಕೆಲಸಕ್ಕೆ ಸೇರಿದ್ದೆ. ಮೊದಲ ದಿನ ಟಿಕೆಟ್ ಕೊಂಡು, ಪ್ಲಾಟ್‌ಫಾರ್ಮ್ ಯಾವ ಕಡೆ ಎಂದು ತಿಳಿಯದೆ, "ಅಯ್ಯೋ ದೇವ್ರೇ, ಈಗ ಯಾವ ಕಡೆ ಹೋಗೋದು" ಎಂದು ಗೊಣಗಿಕೊಂಡೆ. ಗಾಜಿನ ಹಿಂದಿನಿಂದ ದನಿ ಬಂತು.

"ಮೊದಲ ಟಿಕೀಟಿಗೆ ಆ ಕೆಂಪು ಮಶೀನದಾಗ ಛಾಪು ಹೊಡಸ್ರಿ. ಇಲ್ಲಾಂದ್ರ ರೈಲಿನಾಗ ಹಿಡೀತಾರ."

ಕೆನಡಾಕ್ಕೆ ಬಂದ ಮೇಲೆ ಮನೆಯ ಹೊರಗೆ ಕೇಳಿದ ಮೊದಲ ಕನ್ನಡ. ಕಣ್ಣಲ್ಲಿ ನೀರು ಬಂತು. "ನೀವು ಕನ್ನಡದೋರಾ ಸರ್?" ಎಂದು ಕಿಂಡಿಗೆ ಓಡಿದೆ. ಎಡಗಣ್ಣು ಇನ್ನೂ ಸ್ವಲ್ಪ ಮುಚ್ಚಿತು.

"ನಾ ಹೌದು. ನೀವು ಹೌದೋ ಅಲ್ಲೋ? ಝುಣಕಾ ಅಂದ್ರ ಏನು, ಹೇಳ್ರಿ."

ಅದು ರೊಟ್ಟಿಯ ಜೊತೆಗಿನ ಕಡಲೆಹಿಟ್ಟಿನ ಪಲ್ಯ ಎಂದು ಆಗ ನನಗೆ ಗೊತ್ತಿರಲಿಲ್ಲ.

"ಹಂಗಾರ ಅರ್ಧಾ ಕನ್ನಡದಾಕಿ," ಎಂದು ಅವರು ಮುಂದಿನವರನ್ನು ಕರೆದರು.

ಧಾರವಾಡದ ಹತ್ತಿರದವರು. ತಂದೆ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿಯಲ್ಲಿದ್ದರಂತೆ. ತಾವು ಮೊದಲು ಒಶಾವಾದಲ್ಲಿ ಕಾರಿನ ಬಿಡಿಭಾಗ ಮಾಡುವ ಕಡೆ ದುಡಿದು, ಬೆನ್ನು ನೋವು ಬಂದ ಮೇಲೆ ಈ ಕೂತು ಮಾಡುವ ಕೆಲಸ ಹಿಡಿದಿದ್ದರು. ಕೆಲವು ತಿಂಗಳಲ್ಲಿ ನಾನು 'ಸರ್' ಬಿಟ್ಟು 'ಕಾಕಾ' ಎನ್ನತೊಡಗಿದೆ. ಅವರು ಬಹುವಚನ ಬಿಟ್ಟು 'ತಂಗಿ' ಎನ್ನಲು ಒಂದೂವರೆ ವರ್ಷ ಹಿಡಿಯಿತು.

ಅವರಿಗೆ ಸಂಶಯ ಬಾರದ ವಸ್ತು ಆ ಸ್ಟೇಷನ್ನಿನಲ್ಲಿ ಇರಲಿಲ್ಲ. "ಮುಂದಿನ ರೈಲು ಐದು ನಿಮಿಷ ತಡ" ಎಂದು ಧ್ವನಿವರ್ಧಕ ಹೇಳಿದರೆ, "ಐದಂತ ಹೇಳ್ಯಾರಂದ್ರ ಹದಿನೈದು ಖಾತ್ರಿ" ಎನ್ನುವರು. ಹವಾಮಾನದವರು ಹಿಮ ಬೀಳುವುದಿಲ್ಲ ಎಂದ ದಿನ ಹಿಮ ಕರಗಿಸುವ ಉಪ್ಪಿನ ಚೀಲ ಬಾಗಿಲಿಗೆ ತಂದಿಡುವರು. ಕಾರಿನಲ್ಲಿ ಬಂದು ಮನೆಯವರನ್ನು ಇಳಿಸಿ ಹೋಗುವ ಜಾಗಕ್ಕೆ ಅಲ್ಲಿ 'ಕಿಸ್ ಅಂಡ್ ರೈಡ್' ಎಂಬ ಬೋರ್ಡು. ಅದನ್ನು ಕಂಡರೆ ಅವರ ಮೈ ಉರಿಯುತ್ತಿತ್ತು.

"ಸರಕಾರ ಬೋರ್ಡ ಹಾಕಿ ಮುದ್ದು ಕೊಡ್ರಿ ಅಂತ ಹೇಳೂದಂದ್ರ ಏನವಾ ಇದು? ಆ ನೀಲಿ ಕೋಟಿನವ ನೋಡು. ಸೋಮವಾರ ಇಳಿಸಿದಾಕಿ ಬ್ಯಾರೆ, ಗುರುವಾರ ಇಳಿಸಿದಾಕಿ ಬ್ಯಾರೆ."

"ಅಕ್ಕ ತಂಗಿ ಇರಬಹುದು ಕಾಕಾ."

"ಅಕ್ಕ ತಂಗಿಗೆ ಹಂಗ ಮುದ್ದ ಕೊಡ್ತಾರೇನು?"

ನಾನು ನಕ್ಕರೆ ಅವರಿಗೆ ಹಿಡಿಸುತ್ತಿರಲಿಲ್ಲ. "ನಗಬ್ಯಾಡ. ಹಗ್ಗಾನ ಹಾವು ಅಂದವ ಬದುಕ್ಯಾನ. ಹಾವನ್ನ ಹಗ್ಗ ಅಂದವ ಸತ್ತಾನ," ಎನ್ನುವರು. ಇದು ಅವರ ಊರಿನ ಗಾದೆಯೋ ಅವರದೇ ತಯಾರಿಕೆಯೋ ನನಗೆ ತಿಳಿಯದು.

ಒಂದು ವಸಂತದಲ್ಲಿ ಯಾರೋ ಬಯಲಿಗೆ ನುಗ್ಗಿ ಮೂರು ಕಾರುಗಳ ಗಾಜು ಒಡೆದು ಒಳಗಿದ್ದುದನ್ನು ಕದ್ದರು. ಅದರಲ್ಲಿ ನಮ್ಮ ಹಳೆಯ ಕಾರೂ ಒಂದು. ಅಂದಿನಿಂದ ಕಾಕಾ ಒಂದು ನೀಲಿ ರಟ್ಟಿನ ಪುಸ್ತಕ ಇಟ್ಟರು. ಎಂಟೂವರೆಗೆ ಕಡೆಯ ರೈಲು ಹೋದ ಮೇಲೆ, ಕಿಂಡಿಗೆ 'ಹತ್ತು ನಿಮಿಷದಲ್ಲಿ ಬರುತ್ತೇನೆ' ಎಂಬ ಫಲಕ ತೂಗುಹಾಕಿ, ಬಯಲನ್ನು ಒಂದು ಸುತ್ತು ಹಾಕುವರು. ಹೊಸ ಕಾರು, ಅಪರಿಚಿತ ವ್ಯಾನು, ಎರಡು ದಿನ ಕದಲದ ಗಾಡಿ, ಎಲ್ಲದರ ನಂಬರು ಬರೆದುಕೊಳ್ಳುವರು. ಬರೆಯುತ್ತಿದ್ದುದು ಕನ್ನಡದಲ್ಲಿ, ಅಂಕಿಗಳೂ ಕನ್ನಡದವೇ.

"ಇಂಗ್ಲಿಷ್‌ನಲ್ಲಿ ಬರೆದ್ರೆ ಪೊಲೀಸ್‌ಗೆ ಯೂಸ್ ಆಗ್ತಿತ್ತಲ್ಲ ಕಾಕಾ?" ಎಂದೆ.

"ಕಳ್ಳಗೂ ಯೂಸ್ ಆಕ್ಕಿತ್ತು," ಎಂದರು. "ಇಲ್ಲಿ ಯಾರಿಗೂ ಓದಾಕ ಬರಬಾರದು, ಅದಕ್ಕ ಕನ್ನಡ."

ಕಳ್ಳ ಸಿಗಲಿಲ್ಲ. ಆದರೆ ಒಂದು ಜನವರಿಯ ಬೆಳಿಗ್ಗೆ ಆ ಸುತ್ತಾಟದಿಂದ ಒಂದು ಜೀವ ಉಳಿಯಿತು. ಆ ದಿನ ನಾನು ಕಡೆಯ ರೈಲನ್ನೂ ತಪ್ಪಿಸಿಕೊಂಡು, ಪೇಟೆಯ ಬಸ್ಸು ಬರಲೆಂದು ಕಾಯುವ ಕೋಣೆಯಲ್ಲಿ ಕುಳಿತಿದ್ದೆ. ಕಾಕಾ ಹಿಮ ಎತ್ತುವ ಸಲಿಕೆ ಹಿಡಿದು ಹೊರಟರು.

"ಎಲ್ಲಾ ಗಾಡಿಗೂ ಹೊರಗ ಹಿಮ ಹಿಡದೈತಿ. ಆ ಬೂದಿ ಬಣ್ಣದ ಗಾಡಿಗೆ ಒಳಗಿಂದ ಮಬ್ಬ ಐತಿ. ಒಳಗ ಯಾವನೋ ಉಸಿರಾಡಾಕ ಹತ್ಯಾನ. ಅಡಗಿ ಕುಂತಾನ ಕಳ್ಳ. ನೀ ಇಲ್ಲೇ ಇರು."

ನಾನು ಇರಲಿಲ್ಲ, ಹಿಂದೆಯೇ ಹೋದೆ. ಕಾಕಾ ಸಲಿಕೆ ಎತ್ತಿ ಹಿಡಿದು ಗಾಜು ತಟ್ಟಿದರು. ಒಳಗಿದ್ದುದು ಕಳ್ಳನಲ್ಲ, ದಿನಾ ನನ್ನ ಡಬ್ಬಿಯಲ್ಲೇ ಪ್ರಯಾಣಿಸುತ್ತಿದ್ದ ಟೋನಿ ಎಂಬ ಇಟಾಲಿಯನ್ ಮನುಷ್ಯ. ಸ್ಟೀರಿಂಗಿನ ಮೇಲೆ ತಲೆಯಿಟ್ಟಿದ್ದ. ಆ ಚಳಿಯಲ್ಲೂ ಹಣೆಯ ಮೇಲೆ ಬೆವರು. ಎದೆ ಹಿಡಿದುಕೊಂಡಿದ್ದ. ಸಲಿಕೆ ಬಿಸಾಡಿ, ಬೆನ್ನು ನೋವಿನ ಆ ಮನುಷ್ಯ ಕಿಂಡಿಯ ಫೋನಿಗೆ ಓಡಿದ ಓಟ ನನಗಿನ್ನೂ ನೆನಪಿದೆ. ಆಂಬುಲೆನ್ಸು ಬರುವವರೆಗೆ ತಮ್ಮ ಕೋಟು ಅವನಿಗೆ ಹೊದಿಸಿ, ಅವನ ಅಂಗೈ ತಿಕ್ಕುತ್ತಾ, ಅವನಿಗೆ ಅರ್ಥವಾಗದ ಕನ್ನಡದಲ್ಲಿ, "ಏನ್ ಆಗೂದಿಲ್ಲೋ ತಮ್ಮಾ, ಕಣ್ಣ ಮುಚ್ಚಬ್ಯಾಡ, ನನ್ನ ನೋಡು," ಎನ್ನುತ್ತಲೇ ಇದ್ದರು.

ಟೋನಿ ಬದುಕಿದ. ಆ ಡಿಸೆಂಬರಿನಲ್ಲಿ ಕೇಕಿನ ದೊಡ್ಡ ಡಬ್ಬಿ ತಂದುಕೊಟ್ಟ. ಕಾಕಾ ಅದನ್ನು ಮೂಸಿ ನೋಡಿದರು. "ತತ್ತಿ ಐತಿ. ಮ್ಯಾಲೆ ಸೆರೆ ವಾಸನಿ ಬಡೀತೈತಿ. ಇವ ನನಗ ಉಪಕಾರ ಮಾಡಾಕ ಹತ್ಯಾನೋ, ಜಾತಿ ಕೆಡಸಾಕ ಹತ್ಯಾನೋ?" ಎಂದು ನೆಲ ಒರೆಸುವಾಕೆಗೆ ಕೊಟ್ಟುಬಿಟ್ಟರು. ಆದರೆ ಡಬ್ಬಿಯ ಮೇಲಿದ್ದ ಕಾರ್ಡು ಮಾತ್ರ ಕಿಂಡಿಯ ಒಳಗಡೆ ವರ್ಷಗಟ್ಟಲೆ ಅಂಟಿಕೊಂಡಿತ್ತು.

ಸಂಶಯ ಅಂಟುರೋಗ. ನಾಲ್ಕೈದು ವರ್ಷ ಅವರ ಕಿಂಡಿಯ ಮುಂದೆ ನಿಂತು ನಿಂತು ನನ್ನ ಕಣ್ಣೂ ಹಾಗೆಯೇ ಆಗಿತ್ತು. ರೈಲಿನಲ್ಲಿ ಪಕ್ಕದವನ ಚೀಲ ಯಾಕೆ ಅಷ್ಟು ಭಾರ, ಎದುರಿನವಳು ಒಂದೇ ಪುಟವನ್ನು ಅರ್ಧ ಗಂಟೆ ಯಾಕೆ ಓದುತ್ತಾಳೆ ಎಂದು ಲೆಕ್ಕ ಹಾಕುತ್ತಿದ್ದೆ. ಅದು ಆಟವಾಗಿತ್ತು. ನ್ಯೂಯಾರ್ಕಿನ ಆ ಎರಡು ಕಟ್ಟಡಗಳು ಬಿದ್ದ ಶರತ್ಕಾಲದಲ್ಲಿ ಅದು ಆಟವಾಗಿ ಉಳಿಯಲಿಲ್ಲ. ರೈಲಿನಲ್ಲಿ ಎಲ್ಲರ ಎಡಗಣ್ಣೂ ಅರ್ಧ ಮುಚ್ಚಿಕೊಂಡಿತು. ಜನ ನೋಡುತ್ತಿದ್ದುದು ನಮ್ಮಂಥ ಬಣ್ಣದವರನ್ನು. ನಾನು ಸಲ್ವಾರ್ ಹಾಕುವುದನ್ನು ಬಿಟ್ಟೆ. ರೈಲಿನಲ್ಲಿ ಫೋನು ಬಂದರೆ ಕನ್ನಡ ಮಾತಾಡದೆ ಕತ್ತರಿಸುತ್ತಿದ್ದೆ.

ಕಾಕಾ ಏನನ್ನೂ ಬಿಡಲಿಲ್ಲ. ಮೊದಲಿನ ಹಾಗೆಯೇ ದಿನಾ ಬಯಲು ಸುತ್ತಿ ನಂಬರು ಬರೆಯುತ್ತಿದ್ದರು.

"ಸ್ವಲ್ಪ ದಿನ ನಿಲ್ಲಿಸಿ ಕಾಕಾ. ನೋಡ್ದೋರು ತಪ್ಪು ತಿಳ್ಕೋತಾರೆ," ಎಂದೆ ಒಂದು ಬೆಳಿಗ್ಗೆ.

"ಈಗs ಹೆಚ್ಚ ನೋಡಬೇಕಲ್ಲವಾ. ನಾ ಕಾಯೂದು ಇವರ ಗಾಡೀನ. ಇವರಿಗೆ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಕಂದು ಬಣ್ಣದ ಮನುಷ್ಯನೊಬ್ಬ ಪರಭಾಷೆಯಲ್ಲಿ ಕಾರುಗಳ ನಂಬರು ಬರೆದುಕೊಳ್ಳುತ್ತಿದ್ದಾನೆ ಎಂದು ಯಾರೋ ಪ್ರಯಾಣಿಕರು ದೂರು ಕೊಟ್ಟರು. ಯಾರೆಂದು ಇಂದಿಗೂ ತಿಳಿಯದು. ಅಕ್ಟೋಬರಿನ ಒಂದು ದಿನ ನಾನು ಸ್ಟೇಷನ್ನಿಗೆ ಬಂದಾಗ ಕಿಂಡಿ ಮುಚ್ಚಿತ್ತು. ಮಾರನೆಯ ದಿನ ಬೇರೆ ಯಾರೋ ಕುಳಿತಿದ್ದರು. ಮೂರನೆಯ ದಿನ ಸಂಜೆ ಮನೆಗೆ ಫೋನು ಬಂತು. ಪೊಲೀಸ್ ಅಧಿಕಾರಿಯೊಬ್ಬರು, ಬಹಳ ವಿನಯದಿಂದ ಮಾತಾಡಿದರು. ನವಲೂರ ಎಂಬುವರ ಬಳಿ ಒಂದು ಪುಸ್ತಕ ಸಿಕ್ಕಿದೆ, ಅದರ ಭಾಷೆ ನಿಮಗೆ ಬರುತ್ತದೆ ಎಂದು ಅವರೇ ನಿಮ್ಮ ಹೆಸರು ಹೇಳಿದ್ದಾರೆ, ನಾಳೆ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಬಹುದೇ?

ಫೋನಿಟ್ಟ ಮೇಲೆ ನನ್ನವರು ಅಡುಗೆಮನೆಯಲ್ಲಿ ಅತ್ತಿಂದಿತ್ತ ನಡೆದರು. ನಮ್ಮ ಪೌರತ್ವದ ಅರ್ಜಿ ಆಗ ಇನ್ನೂ ಸರಕಾರದ ಮುಂದಿತ್ತು. ನನ್ನ ಗುತ್ತಿಗೆ ಡಿಸೆಂಬರಿಗೆ ನವೀಕರಣಕ್ಕೆ ಬರಲಿತ್ತು.

"ನೀನು ಯಾವುದ್ರಲ್ಲೂ ಇನ್ವಾಲ್ವ್ ಆಗ್ಬೇಡ. ಪರಿಚಯ ಇಲ್ಲ ಅಂದ್ಬಿಡು."

"ಅವ್ರೇ ನನ್ನ ಹೆಸರು ಕೊಟ್ಟಿದಾರೆ ಕಣ್ರೀ."

"ಅದೇ ಕೇಳ್ತಿರೋದು. ಯಾಕೆ ಕೊಟ್ರು? ಅಷ್ಟು ವರ್ಷ ದಿನಾ ನಂಬರ್ ಬರ್ಕೊಳ್ಳೋ ಮನುಷ್ಯ ಯಾಕೆ ಬರ್ಕೋತಿದ್ದ ಅಂತ ನಿಂಗೆ ನಿಜವಾಗ್ಲೂ ಗೊತ್ತಾ?"

ಗೊತ್ತು ಎನ್ನಲು ಬಾಯಿ ತೆರೆದೆ. ಆಮೇಲೆ ಒಲೆಯ ಕಡೆ ತಿರುಗಿ ಹಾಲು ಇಳಿಸಿದೆ.

ಮರುದಿನ ಕಾಯುವ ಕೋಣೆಯ ಪಕ್ಕದ ಸಣ್ಣ ಆಫೀಸಿನಲ್ಲಿ ನೀಲಿ ಪುಸ್ತಕವನ್ನು ನನ್ನ ಮುಂದಿಟ್ಟರು. ಓದಿ ಇಂಗ್ಲಿಷಿನಲ್ಲಿ ಹೇಳಿದೆ. 'ಬಿಳೀ ವ್ಯಾನು, ಮೂರು ದಿನ ಆತು, ಒಳಗ ಕಂಬಳಿ.' 'ಕೆಂಪು ಗಾಡಿ, ಹೊಸಾದು, ಗಂಡಸು ಒಬ್ಬನ ಬರ್ತಾನ, ೬.೫೦ ರೈಲು.' 'ಇವನ ಮ್ಯಾಲೆ ಕಣ್ಣ ಇಡಬೇಕು.' ಧಾರವಾಡದ ಬಾಯಲ್ಲಿ ಕೇಳಿದ್ದರೆ ನಾನೇ ನಗುತ್ತಿದ್ದ ಸಾಲುಗಳು, ಆ ಕೋಣೆಯಲ್ಲಿ ಇಂಗ್ಲಿಷಿಗೆ ತಿರುಗಿ ಹೊರಬಿದ್ದಾಗ ತಣ್ಣಗೆ, ಬೇರೆಯೇ ಆಗಿ ಕೇಳಿಸಿದವು. ನನಗೂ.

"ಇವನ್ನೆಲ್ಲ ಯಾಕೆ ಬರೆದಿದ್ದಾರೆ ಎಂದು ನಿಮಗೆ ತಿಳಿದಿದೆಯೇ?" ಎಂದು ಅಧಿಕಾರಿ ಕೇಳಿದರು.

ಒಡೆದ ಗಾಜುಗಳ ವಿಷಯ ಹೇಳಬಹುದಿತ್ತು. ಅದರಲ್ಲಿ ನನ್ನ ಕಾರೂ ಇತ್ತು. ಟೋನಿಯ ಬೆಳಿಗ್ಗೆಯನ್ನು ಹೇಳಬಹುದಿತ್ತು, ನಾನೇ ಕಣ್ಣಾರೆ ಕಂಡದ್ದು. ಈ ಮನುಷ್ಯನಿಗೆ ದೇವರ ಮೇಲೂ ಸಂಶಯ, ಅದು ಅವರ ಸ್ವಭಾವ, ಇಷ್ಟು ಹೇಳಿದ್ದರೂ ಸಾಕಿತ್ತು. ನಾನು ಹೇಳಿದ್ದು ಇಷ್ಟು: "ಇಲ್ಲ. ಅವರು ನನಗೆ ಟಿಕೆಟ್ ಕೊಡುತ್ತಾರೆ, ಅಷ್ಟೇ. ವೈಯಕ್ತಿಕವಾಗಿ ನನಗೆ ಅವರ ಪರಿಚಯವಿಲ್ಲ."

ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಿ ಎಂದು ಕಾಕಾ ಅವರಿಗೆ ಹೇಳಿದ್ದರು. ಆರು ವಾರ ಹಾಗೇ ಕಳೆಯಿತು. ಈ ಸುದ್ದಿ ಕೇಳಿದ ಟೋನಿ ತನ್ನ ಹೆಂಡತಿಯನ್ನು ಕರೆದುಕೊಂಡು ಹೋಗಿ, ಜನವರಿಯ ಬೆಳಿಗ್ಗೆ ನಡೆದದ್ದನ್ನೆಲ್ಲ ಅಧಿಕಾರಿಗೆ ಹೇಳಿ, ಬರೆದೂ ಕೊಟ್ಟ. ರೈಲಿನಲ್ಲಿ ಜನರಿಂದ ಸಹಿ ಮಾಡಿಸಿದ. ನನ್ನ ಮುಂದೆಯೂ ಕಾಗದ ಹಿಡಿದ. ಸಹಿ ಮಾಡಿದೆ. ನಲವತ್ತು ಹೆಸರುಗಳ ನಡುವೆ ನನ್ನದನ್ನು ಹುಡುಕಬೇಕಾದಷ್ಟು ಸಣ್ಣದಾಗಿ.

ಕಾಕಾ ಮರಳಿ ಬಂದ ಬೆಳಿಗ್ಗೆ ನಾನು ಮನೆಯಿಂದ ಬೇಗ ಹೊರಟೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಕಿಂಡಿಯ ಮುಂದೆ ನಿಂತು "ಕಾಕಾ" ಎಂದೆ.

ಅವರು ಎರಡೂ ಕಣ್ಣು ತೆರೆದು ನನ್ನನ್ನು ನೋಡಿದರು. ಮಂತ್ಲಿ ಪಾಸನ್ನು ಕಿಂಡಿಯಿಂದ ಹೊರಗೆ ಸರಿಸಿದರು.

"ಗುಡ್ ಮಾರ್ನಿಂಗ್, ಮ್ಯಾಮ್," ಎಂದರು. "ನೆಕ್ಸ್ಟ್, ಪ್ಲೀಸ್."

ಮುಂದಿನ ನಾಲ್ಕು ತಿಂಗಳು ಅವರು ನನ್ನೊಡನೆ ಕನ್ನಡದ ಒಂದು ಅಕ್ಷರ ಆಡಲಿಲ್ಲ. ಸಿಡುಕಿಲ್ಲ, ವ್ಯಂಗ್ಯವಿಲ್ಲ. ಬೇರೆ ಯಾವ ಪ್ರಯಾಣಿಕರಿಗೂ ಕೊಡದಷ್ಟು ಮರ್ಯಾದೆ ನನಗೆ ಕೊಟ್ಟರು. ಬಯಲು ಸುತ್ತುವುದನ್ನೂ ಬಿಟ್ಟರು. ರೈಲು ಹೋದ ಮೇಲೆ ಗಾಜಿನ ಹಿಂದೆ ಸುಮ್ಮನೆ ಕುಳಿತಿರುತ್ತಿದ್ದರು ಎಂದು ನೆಲ ಒರೆಸುವಾಕೆ ಹೇಳಿದಳು. ಮಾರ್ಚಿನಲ್ಲಿ, ಮನೆಗೆ ಹತ್ತಿರವಾಗುತ್ತದೆಂದು, ಪೂರ್ವದ ಕಡೆಯ ಇನ್ನೊಂದು ಸ್ಟೇಷನ್ನಿಗೆ ವರ್ಗ ಮಾಡಿಸಿಕೊಂಡು ಹೋದರು. ಹೋಗುವ ದಿನ ಯಾವುದೆಂದು ನನಗೆ ಹೇಳಲಿಲ್ಲ.

ನಮಗೆ ಪೌರತ್ವ ಸಿಕ್ಕಿತು. ಗುತ್ತಿಗೆ ಕೆಲಸ ಕಾಯಂ ಆಯಿತು. ಇವೆರಡಕ್ಕೂ ನಾನು ಅವತ್ತು ಆಡಿದ ಮಾತಿಗೂ ಯಾವ ಸಂಬಂಧವೂ ಇರಲಿಲ್ಲ. ಕಾಕಾ ಅವರ ಪರವಾಗಿ ಒಂದು ಗಂಟೆ ಮಾತಾಡಿದ್ದರೂ ಎರಡೂ ಸಿಗುತ್ತಿದ್ದವು.

ಐದು ವರ್ಷದ ಮೇಲೆ, ರಿಚ್ಮಂಡ್ ಹಿಲ್ಲಿನ ದೇವಸ್ಥಾನದಲ್ಲಿ ಊಟದ ಸಾಲಿನಲ್ಲಿ ನಿಂತಾಗ, ಧಾರವಾಡದ ಕಡೆಯವರೊಬ್ಬರು ನವಲೂರರ ಮಾತೆತ್ತಿದರು. ನಿವೃತ್ತರಾಗಿದ್ದಾರೆ, ಒಶಾವಾದಲ್ಲಿದ್ದಾರೆ, ಮೈ ಅಷ್ಟು ಸರಿ ಇಲ್ಲ. ಅವರಿಂದ ವಿಳಾಸ, ಫೋನ್ ನಂಬರು ಪಡೆದೆ. ಆ ಶನಿವಾರ ನನ್ನವರಿಗೆ ಹೇಳಿ, ಒಬ್ಬಳೇ ರೈಲು ಹತ್ತಿ ಹೋದೆ.

ಬಾಗಿಲು ತೆರೆದವರು ಅವರ ಹೆಂಡತಿ ಗಿರಿಜಕ್ಕ. ನಾನು ಅವರನ್ನು ನೋಡಿದ್ದು ಅದೇ ಮೊದಲು. ಹೆಸರು ಹೇಳಿದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬರ್ರಿ," ಎಂದು ಒಳಗೆ ಕರೆದರು. ಕಾಕಾ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಇಳಿದುಹೋಗಿದ್ದರು. ನನ್ನ ಬೂಟು ಹೊರಗೆ ಬಿಟ್ಟು ಬಂದಿದ್ದೆ. ಮುಖವನ್ನೇ ನೋಡಿದರು.

"ಕುಂದರು," ಎಂದರು. ಕನ್ನಡ!

ನಾನು ಕುಳಿತುಕೊಳ್ಳಲಿಲ್ಲ. ನಿಂತೇ ಹೇಳಿದೆ. "ಕಾಕಾ, ಅವತ್ತು ನಾನು ನಿಮ್ಮ ಪರಿಚಯ ಇಲ್ಲ ಅಂದೆ."

"ಗೊತ್ತೈತಿ. ಆ ಸಾಹೇಬ ಓದಿ ಹೇಳಿದ."

"ಹೆದರಿಕೆ ಆಗಿತ್ತು."

"ಎಲ್ಲಾರಿಗೂ ಆಗಿತ್ತು."

ಅಲ್ಲಿಗೆ ನಿಲ್ಲಿಸಬಹುದಿತ್ತು. ಐದು ವರ್ಷ ನಾನು ನನಗೇ ಹೇಳಿಕೊಂಡದ್ದೂ ಅಷ್ಟೇ, ಹೆದರಿದ್ದೆ ಎಂದು. ಅದು ಅರ್ಧ ಸತ್ಯ. ಉಳಿದರ್ಧ ಹೇಳದೆ ಹೋಗುವುದಾದರೆ ಇಷ್ಟು ದೂರ ಬಂದದ್ದೇ ದಂಡ ಎನಿಸಿತು.

"ಬರೀ ಹೆದರಿಕೆ ಅಲ್ಲ ಕಾಕಾ. ಆ ಪುಸ್ತಕ ಓದ್ತಾ ಓದ್ತಾ, ನಂಗೂ ನಿಮ್ಮ ಮೇಲೆ ಡೌಟ್ ಬಂತು."

ಗಿರಿಜಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟರು. ಕಾಕಾ ಕಿಟಕಿಯ ಕಡೆ ಮುಖ ತಿರುಗಿಸಿದರು. ಆಮೇಲೆ ಕೇಳಿದರು, "ಎಷ್ಟೊತ್ತು?"

"ಏನು?"

"ಡೌಟು. ಎಷ್ಟೊತ್ತು ಇತ್ತು?"

"ಒಂದು... ಐದು ನಿಮಿಷ ಇರಬಹುದು."

ಅವರ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. "ಐದs ನಿಮಿಷ! ಏ ಗಿರಿಜಾ, ಕೇಳಿದೇನ? ಐದs ನಿಮಿಷ ಅಂತ. ನಾ ನಿನ್ನ ಮ್ಯಾಲೆ ಒಂದೂವರಿ ವರ್ಷ ಸಂಶೇ ಪಟ್ಟೀನಿ ತಂಗಿ. ರೈಲು ಆಫೀಸಿನವರು ನನ್ನ ಮ್ಯಾಲೆ ಕಣ್ಣಿಡಾಕ ನಿನ್ನ ಕಳಿಸ್ಯಾರ ಅಂತ ತಿಳದಿದ್ದೆ. ಅಷ್ಟ ಮೆತ್ತಗ ಮಾತಾಡ್ತಿದ್ದಿ ನೀ."

ನನಗೂ ನಗು ಬಂತು. ನಗುತ್ತಲೇ ಕುಳಿತೆ. ಅವರ ನಗು ಮೊದಲು ನಿಂತಿತು.

"ಆದ್ರ ನಾ ಯಾರ ಮುಂದೂ ಹೇಳಲಿಲ್ಲ," ಎಂದರು. "ಆಫೀಸಿನವರ ಮುಂದೂ ಇಲ್ಲ, ಈಕಿ ಮುಂದೂ ಇಲ್ಲ. ದಿನಾ ನಿನ್ನ ನೋಡಿದೆ, ಮಾತಾಡ್ಸಿದೆ, ಅಲ್ಲ ಅಂತ ಗೊತ್ತಾತು, ಬಿಟ್ಟೆ. ಸಂಶೇ ಬಂದದ್ದಕ್ಕ ನನಗ ಸಿಟ್ಟಿಲ್ಲವಾ. ಬರ್ತೈತಿ ಮನಷ್ಯಾಗ. ನೀ ನನ್ನ ಕೇಳಬೇಕಿತ್ತು. ಒಂದ ಫೋನ್ ಮಾಡಿ, 'ಕಾಕಾ, ಇದೇನಿದು' ಅಂತ ಕೇಳಬೇಕಿತ್ತು. ನಾ ಆರು ವಾರ ಮನಿಯಾಗ ಫೋನಿನ ಬಾಜೂಕ ಕುಂತಿದ್ದೆ."

ಗಿರಿಜಕ್ಕ ಚಹಾ ತಂದು ನನ್ನ ಮುಂದಿಟ್ಟರು.

"ಸಿಟ್ಟ ಇನ್ನೂ ಐತಿ," ಎಂದರು ಕಾಕಾ. "ಇರಲಿ. ನೀ ಚಾ ಕುಡಿ, ಆರತೈತಿ."

ಚಹಾ ಕುಡಿದೆವು. ಗಿರಿಜಕ್ಕ ಝುಣಕಾ, ರೊಟ್ಟಿ ಬಡಿಸಿದರು. ಶಾಲೆಗೆ ಹೋಗುವ ನನ್ನ ಮಗಳು ಕನ್ನಡ ಮಾತಾಡುತ್ತಾಳೋ ಇಲ್ಲವೋ ಎಂದು ಕಾಕಾ ಕೇಳಿದರು. ಅರ್ಥ ಆಗತ್ತೆ, ಉತ್ತರ ಮಾತ್ರ ಇಂಗ್ಲಿಷಲ್ಲಿ ಕೊಡ್ತಾಳೆ ಎಂದೆ. "ಕರಕೊಂಡ ಬಾ, ನಾ ಮಾತಾಡಸ್ತೀನಿ," ಎಂದರು. ಮೂರು ಗಂಟೆಯ ರೈಲಿಗೆ ಹೊರಟೆ.

ಚಳಿಗಾಲ ಕಳೆಯಲಿ, ಮಗಳನ್ನು ಕರೆದುಕೊಂಡು ಹೋಗೋಣ ಎಂದುಕೊಂಡೆ. ಯುಗಾದಿಯ ಹಿಂದಿನ ವಾರ ಫೋನು ಮಾಡಿದೆ. ಗಿರಿಜಕ್ಕ ಎತ್ತಿದರು.

"ಅವರು ಹೋಗಿ ಇಪ್ಪತ್ತ ದಿನ ಆತವಾ," ಎಂದರು. "ಎಲ್ಲಾ ಮುಗೀತು. ಸ್ಟೇಷನ್ನಿನವರು ಭಾಳ ಮಂದಿ ಬಂದಿದ್ರು. ಆ ಟೋನಿನೂ ಬಂದಿದ್ದ, ಸಣ್ಣ ಹುಡುಗನಗತೆ ಅತ್ತ. ನಿಮಗ ಹೇಳಬೇಕಂತ... ನನಗ ಹೊಳೀಲಿಲ್ಲವಾ."

ಹೊಳೆಯುವಂತೆ ನಾನು ಎಂದೂ ನಡೆದುಕೊಂಡಿರಲಿಲ್ಲ. "ಪರವಾಗಿಲ್ಲ ಕಾಕು," ಎಂದೆ. ಫೋನು ಇಡಲು ಹೋದೆ.

"ಆದ್ರೂ ಬಾರವಾ," ಎಂದರು ಗಿರಿಜಕ್ಕ. "ಮಗಳನ್ನೂ ಕರಕೊಂಡ ಬಾ. ನಾ ಅದೀನಿ."

ಭಾನುವಾರ ಇಬ್ಬರೂ ಹೋದೆವು.